ಬಾಗಿಲ ಹೊರಗೆ ನಿಂತವರು ಬಾಗಿಲು ಕಾದ ಕಥೆ

ಹೋದ ಬೇಸಿಗೆಯಲ್ಲಿ ನಮ್ಮ ತಾಯಿಯವರನ್ನು ಊರಿಗೆ ಕಳುಹಿಸಿಕೊಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಆರು ತಿಂಗಳು ನಮ್ಮ ಜೊತೆಯಲ್ಲಿದ್ದು, ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ನೆಟ್ಟು ಹೊರಟು ನಿಂತಿದ್ದರು. ಗಾಲಿಕುರ್ಚಿಯ ಜೊತೆ ಒಳಗಿನವರೆಗೂ ಹೋಗಲು ನನಗೂ ಒಂದು ಚೀಟಿ ಸಿಕ್ಕಿತ್ತು. ತಪಾಸಣೆಯ ಕಮಾನಿನಡಿಯಲ್ಲಿ ಅವರು ಹೆಜ್ಜೆಯಿಟ್ಟ ಕೂಡಲೇ ಯಂತ್ರ ಕೂಗಿಕೊಂಡಿತು. ಕೈತುಂಬ ಬಳೆ, ಕೊರಳಲ್ಲಿ ತಾಳಿ, ಮಂಡಿಯಲ್ಲಿ ವೈದ್ಯರು ಕೂರಿಸಿದ ಲೋಹ. ಕೂಗದೆ ಏನು ಮಾಡೀತು? ಒಬ್ಬ ಹೆಂಗಸು ಬಂದು, ವಿನಯದಿಂದಲೇ ಕೈಸವರಿ ನೋಡಿ, ಹೋಗಬಹುದು ಎಂದಳು.

ಅಮ್ಮ ಸೆರಗು ಸರಿಪಡಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಲ್ಲವೋ, ನನ್ನನ್ನು ನೋಡಿದರೆ ವಿಮಾನ ಅಪಹರಿಸುವವಳ ಹಾಗೆ ಕಾಣಿಸುತ್ತೇನೆಯೆ? ಇದನ್ನೆಲ್ಲ ಯಾವ ಪುಣ್ಯಾತ್ಮ ಶುರು ಮಾಡಿದ?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ವಿಮಾನ ಹೊರಟ ಮೇಲೆ ಮನೆಗೆ ಬಂದು, ಗ್ರಂಥಾಲಯದಿಂದ ಕೆಲವು ಪುಸ್ತಕಗಳನ್ನು ತಂದು ಓದಿದೆ. ಓದುತ್ತ ಹೋದಂತೆ ಅಮ್ಮನ ಎರಡು ಪ್ರಶ್ನೆಗಳೂ ಒಂದೇ ಪ್ರಶ್ನೆಯೆಂದು ಹೊಳೆಯಿತು. ಸಂಪಾದಕರು ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದರಿಂದ, ಓದಿ ತಿಳಿದುದನ್ನು ನಮ್ಮ ಸದಸ್ಯ ಮಿತ್ರರ ಮುಂದಿಡುತ್ತಿದ್ದೇನೆ.

ಅಮೆರಿಕದ ನಾಗರಿಕ ವಿಮಾನಗಳ ರಕ್ಷಣೆಗೆಂದೇ ಒಬ್ಬ ನಿರ್ದೇಶಕರನ್ನು ನೇಮಿಸಿದ್ದು 1970ರ ಸೆಪ್ಟೆಂಬರಿನಲ್ಲಿ. ಆ ಹೊಣೆ ಹೊತ್ತವರು ಬೆಂಜಮಿನ್ ಆಲಿವರ್ ಡೇವಿಸ್ ಜೂನಿಯರ್, ಅದೇ ವರ್ಷ ವಾಯುಸೇನೆಯಿಂದ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾಗಿದ್ದ ಹಳೆಯ ಯುದ್ಧ ವಿಮಾನಚಾಲಕ. ದೇಶದ ವಿಮಾನಗಳ ಬಾಗಿಲು ಕಾಯಲು ಬಂದ ಈ ಮನುಷ್ಯನನ್ನು, ಮೂವತ್ತೈದು ವರ್ಷಗಳ ಹಿಂದೆ, ಮೈಬಣ್ಣ ಕಪ್ಪು ಎಂಬ ಒಂದೇ ಕಾರಣಕ್ಕೆ ಅದೇ ದೇಶದ ವಾಯುದಳ ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿತ್ತು. ಈ ಕಥೆ ಕೇಳತಕ್ಕದ್ದು.

ಡೇವಿಸ್ ಹುಟ್ಟಿದ್ದು 1912ರ ಡಿಸೆಂಬರ್ 18ರಂದು, ವಾಷಿಂಗ್ಟನ್ ನಗರದಲ್ಲಿ. ತಂದೆಯೂ ಸೈನಿಕರು, 1940ರಲ್ಲಿ ಅಮೆರಿಕದ ಭೂಸೇನೆಯ ಮೊಟ್ಟಮೊದಲ ಕರಿಯ ಜನರಲ್ ಆದವರು. ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ ಬೋಲಿಂಗ್ ಫೀಲ್ಡ್ ಎಂಬ ವಿಮಾನಾಂಗಣದಲ್ಲಿ, ದುಡ್ಡು ತೆಗೆದುಕೊಂಡು ಜನರನ್ನು ಹಾರಿಸುವ ವಿಮಾನಚಾಲಕನೊಬ್ಬನ ಜೊತೆ ಒಂದು ಸುತ್ತು ಹಾರುವ ಭಾಗ್ಯ ಸಿಕ್ಕಿತು. ಅಂದಿನಿಂದ ವಿಮಾನದ ಹುಚ್ಚು ಬಿಡಲೇ ಇಲ್ಲ.

1932ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಸೇರಿದರು. ಆ ಕಾಲಕ್ಕೆ ಅಮೆರಿಕದ ಸಂಸತ್ತಿನಲ್ಲಿದ್ದ ಏಕೈಕ ಕರಿಯ ಸದಸ್ಯ, ಷಿಕಾಗೋದ ಆಸ್ಕರ್ ಡಿ ಪ್ರೀಸ್ಟ್, ಅವರ ಹೆಸರನ್ನು ಸೂಚಿಸಿದ್ದರು. ಅಲ್ಲಿ ಕಾದಿದ್ದ ಸ್ವಾಗತವನ್ನು ಏನೆಂದು ಹೇಳೋಣ! ಸಹಪಾಠಿಗಳೆಲ್ಲ ಒಟ್ಟಾಗಿ ಅವರೊಡನೆ ಮಾತು ನಿಲ್ಲಿಸಿಬಿಟ್ಟರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೋಣೆಗೆ ಜೊತೆಗಾರನಿಲ್ಲ. ಊಟಕ್ಕೆ ಕುಳಿತರೆ ಪಕ್ಕದಲ್ಲಿ ಮಾತಾಡಿಸುವವರಿಲ್ಲ. ಒಂದು ದಿನವಲ್ಲ, ಒಂದು ತಿಂಗಳಲ್ಲ, ಪೂರ್ತಿ ನಾಲ್ಕು ವರ್ಷ. ನಮ್ಮ ಹಳ್ಳಿಗಳಲ್ಲಿ ಹಿಂದೆ ಒಂದು ಮನೆಗೆ ಬಹಿಷ್ಕಾರ ಹಾಕಿ ನೀರು, ಬೆಂಕಿ, ಮಾತು ಮೂರನ್ನೂ ನಿಲ್ಲಿಸುತ್ತಿದ್ದುದನ್ನು ಹಿರಿಯರು ಹೇಳಿದ್ದು ಕೇಳಿದ್ದೇವಷ್ಟೆ, ಇದೂ ಅದೇ ಜಾತಿಯದು. ಬೇಸತ್ತು ತಾನಾಗಿಯೇ ಬಿಟ್ಟು ಓಡಲಿ ಎಂಬುದು ಅವರ ಎಣಿಕೆ. ಹುಡುಗ ಓಡಲಿಲ್ಲ. 1936ರಲ್ಲಿ 276 ಮಂದಿಯ ತರಗತಿಯಲ್ಲಿ 35ನೆಯವರಾಗಿ ತೇರ್ಗಡೆಯಾದರು. ಇಪ್ಪತ್ತನೆಯ ಶತಮಾನದಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಂದ ಮೊದಲ ಕರಿಯ ಪದವೀಧರ ಅವರೇ.

ಇಷ್ಟು ಮಾಡಿದವರಿಗೆ ವಾಯುದಳದ ಬಾಗಿಲು ತೆರೆಯಿತೆ? ಇಲ್ಲ. ಅರ್ಜಿ ಹಾಕಿದರು; ಕರಿಯರ ತುಕಡಿ ವಾಯುದಳದಲ್ಲಿ ಇಲ್ಲ, ಇಡುವ ಯೋಚನೆಯೂ ಇಲ್ಲ ಎಂಬ ಕಾರಣದಿಂದ ಅರ್ಜಿ ತಿರಸ್ಕಾರವಾಯಿತು. ಭೂಸೇನೆಯ ಕಾಲಾಳು ಪಡೆಗೆ ಹಾಕಿದರು. ಪೂಜಾರಿಗಳಾದ ಪಾದ್ರಿಗಳನ್ನು ಬಿಟ್ಟರೆ ಇಡೀ ಸೇನೆಯಲ್ಲಿ ಆಗ ಇದ್ದ ಕರಿಯ ಅಧಿಕಾರಿಗಳು ಇಬ್ಬರೇ: ಒಬ್ಬರು ತಂದೆ, ಇನ್ನೊಬ್ಬರು ಮಗ. ಜಾರ್ಜಿಯದ ಫೋರ್ಟ್ ಬೆನ್ನಿಂಗಿನಲ್ಲಿ ಅಧಿಕಾರಿಗಳ ಕ್ಲಬ್ಬಿಗೆ ಅಧಿಕಾರಿಯಾದ ಅವರಿಗೇ ಪ್ರವೇಶವಿರಲಿಲ್ಲ. ಉಡುಪಿಯಲ್ಲಿ ಕನಕದಾಸರು ಗುಡಿಯ ಹೊರಗೆ ನಿಂತ ಕಥೆಯನ್ನು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧ ಹತ್ತಿರ ಬಂದಾಗ ಕರಿಯ ಜನರ ಒತ್ತಾಯಕ್ಕೆ ಮಣಿದು ಸರ್ಕಾರ ಅಲಬಾಮಾದ ಟಸ್ಕೀಗಿಯಲ್ಲಿ ಅವರಿಗಾಗಿಯೇ ಪ್ರತ್ಯೇಕವಾದ ವಿಮಾನ ಶಾಲೆ ತೆರೆಯಿತು. 1941ರಲ್ಲಿ ಸೇರಿದ ಮೊದಲ ತಂಡದಲ್ಲಿ ಹದಿಮೂರು ಜನ. 1942ರ ಮಾರ್ಚ್ 7ರಂದು ರೆಕ್ಕೆಯ ಪದಕ ಧರಿಸಿ ಹೊರಬಂದವರು ಐವರು. ಅವರಲ್ಲಿ ಡೇವಿಸ್ ಒಬ್ಬರು. 99ನೇ ಸ್ಕ್ವಾಡ್ರನ್ನಿನ ನಾಯಕರಾಗಿ 1943ರ ಏಪ್ರಿಲಿನಲ್ಲಿ ಉತ್ತರ ಆಫ್ರಿಕಕ್ಕೆ ಹೊರಟರು.

ಯುದ್ಧಭೂಮಿಯಲ್ಲಿಯೂ ಎರಡು ಶತ್ರುಗಳು. ಎದುರಿಗೆ ಜರ್ಮನರು, ಬೆನ್ನಿಗೆ ತಮ್ಮದೇ ಸೇನೆಯ ಕೆಲವು ಮೇಲಧಿಕಾರಿಗಳು. ಕರಿಯ ಚಾಲಕರಿಗೆ ಹೋರಾಟದ ಕೆಚ್ಚು ಸಾಲದು, ಅವರನ್ನು ಮುಂಚೂಣಿಯಿಂದ ಹಿಂದೆ ಸರಿಸಬೇಕು ಎಂಬ ವರದಿ ಆ ವರ್ಷವೇ ಮೇಲಕ್ಕೆ ಹೋಯಿತು. ಡೇವಿಸ್ ವಾಷಿಂಗ್ಟನ್ನಿಗೆ ಬಂದು ಯುದ್ಧ ಇಲಾಖೆಯ ಸಮಿತಿಯ ಮುಂದೆ, ಸಿಟ್ಟಿಗೇಳದೆ, ಅಂಕಿ ಅಂಶಗಳನ್ನಿಟ್ಟು ಉತ್ತರ ಹೇಳಿದರು. ಬಳಿಕ ಸೇನೆಯೇ ಒಂದು ಅಧ್ಯಯನ ನಡೆಸಿ, ಅದೇ ಬಗೆಯ ವಿಮಾನ ಹಾರಿಸುತ್ತಿದ್ದ ಉಳಿದ ಸ್ಕ್ವಾಡ್ರನ್ನುಗಳಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡಿತು. 1944ರ ಜನವರಿ ಕೊನೆಯಲ್ಲಿ ಇಟಲಿಯ ಆಂಜಿಯೋ ಮೇಲೆ ಅದೇ 99ನೇ ಸ್ಕ್ವಾಡ್ರನ್ ಎರಡೇ ದಿನಗಳಲ್ಲಿ ಹನ್ನೆರಡು ಜರ್ಮನ್ ವಿಮಾನಗಳನ್ನು ಉರುಳಿಸಿದ ಮೇಲೆ ಆ ಮಾತು ತಣ್ಣಗಾಯಿತು.

ಆ ಬಳಿಕ ಡೇವಿಸ್ ನಡೆಸಿದ್ದು ನಾಲ್ಕು ಸ್ಕ್ವಾಡ್ರನ್ನುಗಳ 332ನೇ ಫೈಟರ್ ಗ್ರೂಪ್. ವಿಮಾನಗಳ ಬಾಲಕ್ಕೆ ಕೆಂಪು ಬಳಿದಿದ್ದರಿಂದ ಅವರಿಗೆ ಕೆಂಬಾಲದವರು ಎಂದೇ ಹೆಸರು. ಇವರ ಮುಖ್ಯ ಕೆಲಸ ಬೆಂಗಾವಲು. ದೊಡ್ಡ ಬಾಂಬರ್ ವಿಮಾನಗಳು ನಿಧಾನವಾಗಿ ಹೋಗುತ್ತವೆ. ಅವುಗಳ ಮೇಲೆ ಎರಗುವ ಶತ್ರು ವಿಮಾನಗಳನ್ನು ಅಟ್ಟಬೇಕು. ಎಳೆಯ ಚಾಲಕನಿಗೆ ಶತ್ರುವನ್ನು ಬೆನ್ನಟ್ಟಿ ಉರುಳಿಸಿ ಹೆಸರು ಮಾಡುವ ಆಸೆ. ಡೇವಿಸ್ ಅವರದು ಕಟ್ಟಪ್ಪಣೆ: ಹೆಸರಿನ ಆಸೆಗೆ ಬಾಂಬರುಗಳನ್ನು ಬಿಟ್ಟು ಹೋಗಕೂಡದು. ಈ ದಳ ಒಂದೇ ಒಂದು ಬಾಂಬರನ್ನೂ ಕಳೆದುಕೊಳ್ಳಲಿಲ್ಲ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಈಚೆಗೆ ವಾಯುಸೇನೆಯ ಇತಿಹಾಸಕಾರರೇ ದಾಖಲೆಗಳನ್ನು ತೆಗೆದು ನೋಡಿ, 179 ಬೆಂಗಾವಲು ಯಾತ್ರೆಗಳಲ್ಲಿ 27 ಬಾಂಬರುಗಳು ಶತ್ರು ವಿಮಾನಗಳಿಗೆ ಬಲಿಯಾದುವೆಂದು ತೋರಿಸಿದ್ದಾರೆ. ಅಲ್ಲಿ ಅದೇ ಕೆಲಸ ಮಾಡಿದ ಉಳಿದ ದಳಗಳ ಸರಾಸರಿ ನಷ್ಟ 46. ದಂತಕಥೆ ಹೋದರೂ ಕೀರ್ತಿ ಹೋಗಲಿಲ್ಲ.

ಯುದ್ಧ ಮುಗಿದ ಮೇಲೆ, 1948ರ ಜುಲೈ 26ರಂದು ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ವರ್ಣಭೇದ ಕೂಡದೆಂದು ಆಜ್ಞೆ ಹೊರಡಿಸಿದರು. ವಾಯುಸೇನೆ ಅದನ್ನು ಜಾರಿಗೆ ತರುವ ಯೋಜನೆ ರೂಪಿಸುವಾಗ ಡೇವಿಸ್ ಅವರ ಕೈಯೂ ಅದರಲ್ಲಿತ್ತು. 1953ರಲ್ಲಿ ಕೊರಿಯದಲ್ಲಿ ಜೆಟ್ ವಿಮಾನಗಳ 51ನೇ ವಿಂಗ್ ಅವರ ವಶಕ್ಕೆ ಬಂತು; ಕರಿಯರು, ಬಿಳಿಯರು ಇಬ್ಬರೂ ಅಲ್ಲಿ ಅವರ ಆಜ್ಞೆಯಲ್ಲಿ ಹಾರಿದರು. 1954ರಲ್ಲಿ ವಾಯುಸೇನೆಯ ಮೊದಲ ಕರಿಯ ಜನರಲ್, 1967ರಲ್ಲಿ ಫಿಲಿಪೈನ್ಸಿನಲ್ಲಿ 13ನೇ ವಾಯುಪಡೆಯ ಮುಖ್ಯಸ್ಥ, 1970ರ ಫೆಬ್ರವರಿ 1ರಂದು ನಿವೃತ್ತಿ.

ನಿವೃತ್ತಿಯ ವಿರಾಮ ಹೆಚ್ಚು ದಿನ ಸಿಗಲಿಲ್ಲ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಆ ಕಾಲದ ವಿಮಾನ ಪ್ರಯಾಣ ಹೇಗಿತ್ತೆಂದು ನೆನೆಸಿಕೊಳ್ಳಬೇಕು. ಟಿಕೆಟ್ ಹಿಡಿದು ಬಸ್ಸು ಹತ್ತಿದಂತೆ ವಿಮಾನ ಹತ್ತಬಹುದಿತ್ತು. ಕಳುಹಿಸಲು ಬಂದವರು ವಿಮಾನದ ಬಾಗಿಲವರೆಗೂ ಹೋಗಿ ಕೈಬೀಸಬಹುದಿತ್ತು. ಚೀಲದಲ್ಲಿ ಏನಿದೆ ಎಂದು ಕೇಳುವವರಿಲ್ಲ. ಇದರ ಫಲವಾಗಿ 1968ರಿಂದ 1972ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದಲ್ಲಿ 130ಕ್ಕೂ ಹೆಚ್ಚು ಸಲ ವಿಮಾನಾಪಹರಣ ಅಥವಾ ಅದರ ಪ್ರಯತ್ನ ನಡೆಯಿತು. ಬಹುಪಾಲು ವಿಮಾನಗಳು ಕ್ಯೂಬಾಕ್ಕೆ ತಿರುಗುತ್ತಿದ್ದುವು.

ನಮ್ಮ ಕೊಲ್ಲಿ ಪ್ರದೇಶಕ್ಕೂ ಇದರ ಬಿಸಿ ತಟ್ಟಿತ್ತು. 1969ರ ಅಕ್ಟೋಬರ್ 31ರಂದು ಲಾಸ್ ಏಂಜಲಿಸಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಟಿ.ಡಬ್ಲ್ಯು.ಎ. ವಿಮಾನ ಇಲ್ಲಿಗೆ ಬರಲೇ ಇಲ್ಲ. ಡೆನ್ವರ್, ನ್ಯೂಯಾರ್ಕ್, ಬ್ಯಾಂಗರ್, ಷ್ಯಾನನ್ ಮೂಲಕ ರೋಮಿನಲ್ಲಿ ಹೋಗಿ ಇಳಿಯಿತು! ಅಪಹರಿಸಿದವನು ಇನ್ನೂ ಇಪ್ಪತ್ತು ತುಂಬದ, ವಿಯಟ್ನಾಮಿನಲ್ಲಿ ಪದಕ ಗಳಿಸಿ ಬಂದ ಅಮೆರಿಕದ ಮೆರೀನ್ ಸೈನಿಕ. ಬಿಡಿಬಿಡಿ ಮಾಡಿದ ಬಂದೂಕನ್ನು ಚೀಲದಲ್ಲಿಟ್ಟುಕೊಂಡು ಹತ್ತಿದ್ದ.

1970ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೈನಿನ ಉಗ್ರರು ಹಲವು ವಿಮಾನಗಳನ್ನು ಅಪಹರಿಸಿ, ಜೋರ್ಡಾನಿನ ಮರುಭೂಮಿಯಲ್ಲಿ ಇಳಿಸಿದ ಮೂರನ್ನು ಪ್ರಯಾಣಿಕರನ್ನು ಇಳಿಸಿದ ಮೇಲೆ ಸ್ಫೋಟಿಸಿದರು. ಅಧ್ಯಕ್ಷ ನಿಕ್ಸನ್ 11ರಂದು ವಿಮಾನಗಳಲ್ಲಿ ಸಶಸ್ತ್ರ ಕಾವಲುಗಾರರನ್ನು ಇಡುವುದಾಗಿ ಸಾರಿದರು. ಅದೇ ತಿಂಗಳು ಡೇವಿಸ್ ಅವರಿಗೆ ಕರೆ ಬಂತು. ಬೆಂಗಾವಲಿನ ಹಳೆಯ ಕೆಲಸ, ಆದರೆ ಈ ಸಲ ಶತ್ರು ಹೊರಗಿನಿಂದ ಎರಗುವವನಲ್ಲ. ಟಿಕೆಟ್ ಕೊಂಡು ಪಕ್ಕದ ಆಸನದಲ್ಲೇ ಕುಳಿತಿರುವವನು.

ಸಾವಿರಕ್ಕೂ ಹೆಚ್ಚು ಮಂದಿ ಆಕಾಶ ಕಾವಲುಗಾರರು ತರಬೇತಿ ಪಡೆದು ಸಾಮಾನ್ಯ ಉಡುಪಿನಲ್ಲಿ ವಿಮಾನ ಹತ್ತಿದರು. ಆದರೆ ದಿನಕ್ಕೆ ಸಾವಿರಾರು ವಿಮಾನಗಳು ಹಾರುವ ದೇಶದಲ್ಲಿ ಇವರು ಎಷ್ಟಕ್ಕೆ ಸಾಲುತ್ತಾರೆ? ಆಕಾಶದಲ್ಲಿ ಗುಂಡು ಹಾರಿಸುವುದಕ್ಕಿಂತ ನೆಲದ ಮೇಲೆಯೇ ಬಂದೂಕನ್ನು ತಡೆಯುವುದು ಲೇಸು ಎಂಬುದು ಸ್ಪಷ್ಟವಾಯಿತು. ಹಾಗಾದರೆ ಯಾರನ್ನು ತಡೆಯಬೇಕು? ಕಥೆಯ ನಿಜವಾದ ಗಂಟು ಇರುವುದು ಇಲ್ಲಿಯೇ.

ಮೊದಲು ಹಿಡಿದ ದಾರಿ ಲಕ್ಷಣ ನೋಡುವುದು. ಸರ್ಕಾರ ಮನಶ್ಶಾಸ್ತ್ರಜ್ಞರ ನೆರವಿನಿಂದ ಅಪಹರಣಕಾರರ ನಡವಳಿಕೆಯನ್ನು ಅಭ್ಯಾಸ ಮಾಡಿಸಿ ಒಂದು ಗುಟ್ಟಿನ ಪಟ್ಟಿ ತಯಾರಿಸಿತ್ತು. ಟಿಕೆಟ್ ಕೊಡುವ ಗುಮಾಸ್ತ ಅದಕ್ಕೆ ಹೊಂದುವವರನ್ನು ಗುರುತಿಸಬೇಕು, ಅವರನ್ನು ಮಾತ್ರ ಲೋಹಶೋಧಕ ಯಂತ್ರದಿಂದ ಪರೀಕ್ಷಿಸಬೇಕು. ಸಾಲಿನಲ್ಲಿದ್ದ ಬಹುತೇಕ ಜನರನ್ನು ಯಾರೂ ಮುಟ್ಟುತ್ತಿರಲಿಲ್ಲ. ಜನಕ್ಕೂ ವಿಮಾನ ಕಂಪೆನಿಗಳಿಗೂ ಇದೇ ಹಿತವಾಗಿತ್ತು, ಕಾಯುವ ಸಾಲು ಇಲ್ಲ, ಖರ್ಚೂ ಕಡಿಮೆ. ಆದರೆ ಈ ಜರಡಿಯಲ್ಲಿ ತೂತುಗಳಿದ್ದುವು. 1971ರ ನವೆಂಬರ್ 24ರಂದು ಪೋರ್ಟ್‌ಲ್ಯಾಂಡಿನಿಂದ ಸಿಯಾಟಲ್‌ಗೆ ಹಾರಿದ ವಿಮಾನದಲ್ಲಿ ಎರಡು ಲಕ್ಷ ಡಾಲರ್ ಕಿತ್ತುಕೊಂಡು ಪ್ಯಾರಾಚೂಟ್ ಕಟ್ಟಿ ಧುಮುಕಿದವನು, ಸೂಟು ಟೈ ತೊಟ್ಟು ವಿನಯವಾಗಿ ಮಾತಾಡುತ್ತಿದ್ದ ಮಧ್ಯವಯಸ್ಸಿನ ಗೃಹಸ್ಥ. ಅವನು ಯಾರೆಂಬುದು ಕೊನೆಗೂ ಪತ್ತೆಯಾಗಲಿಲ್ಲ.

ನಮ್ಮೂರಿನ ಕಥೆ ಇದಕ್ಕಿಂತ ಘೋರ. 1972ರ ಜುಲೈ 5ರಂದು ಸ್ಯಾಕ್ರಮೆಂಟೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದ ಪಿ.ಎಸ್.ಎ. ವಿಮಾನವನ್ನು ಇಬ್ಬರು ವಶಪಡಿಸಿಕೊಂಡರು. ಎಂಟು ಲಕ್ಷ ಡಾಲರ್, ಎರಡು ಪ್ಯಾರಾಚೂಟ್, ಸೈಬೀರಿಯಕ್ಕೆ ಪ್ರಯಾಣ, ಇವು ಅವರ ಬೇಡಿಕೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ ವಿಮಾನ ಗಂಟೆಗಟ್ಟಲೆ ನಿಂತಿತು. ಕಡೆಗೆ ಎಫ್.ಬಿ.ಐ. ನುಗ್ಗಿ ಗುಂಡು ಹಾರಿಸಿತು. ಅಪಹರಣಕಾರರಿಬ್ಬರೂ ಸತ್ತರು; ಜೊತೆಗೆ ಒಬ್ಬ ನಿರಪರಾಧಿ ಪ್ರಯಾಣಿಕನೂ ಸತ್ತ. ಗಾಯಗೊಂಡ ಇಬ್ಬರಲ್ಲಿ ಒಬ್ಬರು 'ಬೊನಾಂಜ' ಟೆಲಿವಿಷನ್ ಕಥೆಯಲ್ಲಿ ಅಡಿಗೆಯವನ ಪಾತ್ರ ಮಾಡುತ್ತಿದ್ದ ವಿಕ್ಟರ್ ಸೆನ್ ಯಂಗ್, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದವರು. ಇದಾದ ಕೆಲವೇ ದಿನಗಳಲ್ಲಿ ಈ ಬಗೆಯ ಕಿರುದೂರದ ವಿಮಾನಗಳಲ್ಲಿ ತಪಾಸಣೆಯನ್ನು ಬಿಗಿಗೊಳಿಸಲು ನಿಕ್ಸನ್ ಆಜ್ಞೆ ಮಾಡಿದರು.

ಅದೇ ನವೆಂಬರಿನಲ್ಲಿ ಮೂವರು ಒಂದು ವಿಮಾನವನ್ನು ಹಿಡಿದು, ಕೇಳಿದ ಹಣ ಕೊಡದಿದ್ದರೆ ಟೆನೆಸಿಯ ಓಕ್ ರಿಜ್ ಅಣು ಸ್ಥಾವರದ ಮೇಲೆ ಕೆಡವುತ್ತೇವೆಂದು ಬೆದರಿಸಿದರು. ಇನ್ನು ಕಾಯುವಂತಿರಲಿಲ್ಲ. 1973ರ ಜನವರಿ 5ರಿಂದ ಅಮೆರಿಕದ ಎಲ್ಲ ವಿಮಾನಗಳಿಗೂ ಒಂದೇ ನಿಯಮ ಬಂತು: ಹತ್ತುವ ಪ್ರತಿಯೊಬ್ಬರನ್ನೂ, ಅವರ ಕೈಚೀಲವನ್ನೂ ಪರೀಕ್ಷಿಸಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ಆದರೂ ಬಾಗಿಲು ಹಾಕಿದ್ದು ಫಲ ಕೊಟ್ಟಿತು. ವರ್ಷಕ್ಕೆ ಡಜನುಗಟ್ಟಲೆ ನಡೆಯುತ್ತಿದ್ದ ಅಪಹರಣಗಳು ಆ ವರ್ಷ ಬೆರಳೆಣಿಕೆಗೆ ಇಳಿದುವು. ಅದೇ ಫೆಬ್ರವರಿಯಲ್ಲಿ ಕ್ಯೂಬಾದೊಡನೆ ಆದ ಒಪ್ಪಂದವೂ ಇದಕ್ಕೆ ನೆರವಾಯಿತು.

ಇದೆಲ್ಲ ಡೇವಿಸ್ ಒಬ್ಬರೇ ಮಾಡಿದ್ದು ಎಂದು ಹೇಳಿದರೆ ತಪ್ಪಾದೀತು. ಕಾನೂನು, ಯಂತ್ರ, ಹಣ, ಅನೇಕರ ಕೈ ಸೇರಿದ ಕೆಲಸ ಅದು. ಆದರೆ 1970ರಿಂದ ಆ ಇಲಾಖೆಯಲ್ಲಿ ನಿಂತು, 1971ರಿಂದ ಸಾರಿಗೆ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿ 1975ರವರೆಗೆ ಅದನ್ನು ನಡೆಸಿದವರು ಅವರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಆದರೆ ಓದುವಾಗ ನನಗೆ ಎದ್ದು ಕಂಡದ್ದು ಇದು: ಮುಖ ನೋಡಿ ಮನುಷ್ಯನ ಬೆಲೆ ಕಟ್ಟಿದ್ದರಿಂದ ಯೌವನದಲ್ಲಿ ಹೊರಗುಳಿದವರು, ಮುಖ ನೋಡದೆ ಎಲ್ಲರನ್ನೂ ಒಂದೇ ಕಮಾನಿನಡಿ ಹಾಯಿಸುವ ವ್ಯವಸ್ಥೆ ಬಂದಾಗ ಅಧಿಕಾರದಲ್ಲಿದ್ದರು.

ಹೀಗೆ ಎಲ್ಲರನ್ನೂ ಶೋಧಿಸುವುದು ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯೂ ಎದ್ದಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೀಠವಿರುವ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 1973ರಲ್ಲಿ ಇದನ್ನು ವಿಚಾರಿಸಿತು. ಅದರ ತೀರ್ಪಿನ ಸಾರ ಇಷ್ಟು: ಶೋಧನೆ ಆಯುಧಗಳನ್ನು ತಡೆಯುವುದಕ್ಕಷ್ಟೇ ಸೀಮಿತವಾಗಿರಬೇಕು, ಬೇಡವೆನ್ನುವವರಿಗೆ ವಿಮಾನ ಹತ್ತದೆ ಹಿಂತಿರುಗುವ ಹಕ್ಕಿರಬೇಕು, ಹಾಗಿದ್ದರೆ ಅದು ನ್ಯಾಯವಾದದ್ದು.

ನಮ್ಮ ದೇಶವೂ ಇದೇ ಪಾಠವನ್ನು ಪೆಟ್ಟು ತಿಂದೇ ಕಲಿಯಿತು. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ 'ಗಂಗಾ' ವಿಮಾನವನ್ನು ಲಾಹೋರಿಗೆ ಒಯ್ದು ಸುಟ್ಟರು. 1976ರ ಇನ್ನೊಂದು ಅಪಹರಣದ ನಂತರ ನೇಮಿಸಿದ ಸಮಿತಿಯ ಸಲಹೆಯಂತೆ 1978ರಲ್ಲಿ ನಾಗರಿಕ ವಿಮಾನ ಭದ್ರತೆಯ ಬ್ಯೂರೋ ಹುಟ್ಟಿತು. 1985ರ ಜೂನ್ 23ರಂದು 'ಕನಿಷ್ಕ' ಸಮುದ್ರಕ್ಕೆ ಬಿದ್ದು 329 ಜನ ಸತ್ತಾಗ, ಕಾರಣವಾದದ್ದು ಒಡೆಯನಿಲ್ಲದೆ ಹತ್ತಿದ ಒಂದು ಪೆಟ್ಟಿಗೆ. ಅನಂತರ 1987ರಲ್ಲಿ ಆ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು. ಪ್ರಯಾಣಿಕ ಹತ್ತದಿದ್ದರೆ ಅವನ ಪೆಟ್ಟಿಗೆಯನ್ನೂ ಇಳಿಸುವ ಕಟ್ಟುನಿಟ್ಟಿನ ಹಿಂದೆ ಆ ದುಃಖವಿದೆ.

ಪರಿಚಿತ ಮುಖವನ್ನು ನಂಬಿದ್ದಕ್ಕೂ ಬೆಲೆ ತೆರಬೇಕಾಯಿತು. 1987ರ ಡಿಸೆಂಬರ್ 7ರಂದು ಲಾಸ್ ಏಂಜಲಿಸಿನಿಂದ ನಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಿದ್ದ ಪಿ.ಎಸ್.ಎ. ವಿಮಾನ ಸ್ಯಾನ್ ಲೂಯಿಸ್ ಒಬಿಸ್ಪೊ ಜಿಲ್ಲೆಯ ಬೆಟ್ಟದ ಮೇಲೆ ಬಿದ್ದು 43 ಜನರೂ ಸತ್ತರು. ಕೆಲಸದಿಂದ ತೆಗೆಯಲ್ಪಟ್ಟಿದ್ದ ಒಬ್ಬ ನೌಕರ, ಹಿಂತಿರುಗಿಸದೆ ಉಳಿಸಿಕೊಂಡಿದ್ದ ಗುರುತಿನ ಚೀಟಿಯ ಬಲದಿಂದ ಪಿಸ್ತೂಲಿನೊಡನೆ ಒಳಗೆ ಬಂದಿದ್ದ. ಅಂದಿನಿಂದ ವಿಮಾನ ನೌಕರರಿಗೂ ತಪಾಸಣೆ ಬಂತು. ಇಂದು ನಾವು ಸಾಲಿನಲ್ಲಿ ನಿಂತಾಗ ಚಾಲಕರೂ ಗಗನಸಖಿಯರೂ ಬೇರೊಂದು ಸಾಲಿನಲ್ಲಿ ಪರೀಕ್ಷೆಗೆ ಒಳಗಾಗುವುದನ್ನು ಕಂಡಿರಬಹುದು.

ಕಥೆಯ ಕೊನೆಯ ಭಾಗ ನಮ್ಮ ಸ್ಯಾನ್ ಹೋಸೆಗೆ ಸೇರಿದ್ದು. 1942ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಜಪಾನೀ ಸಂಸಾರ ಮನೆ ಬಿಟ್ಟು ರೈಲು ಹತ್ತಿತು. ಮಹಾಯುದ್ಧದ ಸಮಯ, ಶತ್ರುವಿನ ಮುಖದ ಹಾಗೆ ಕಾಣುವ ಮುಖ ಎಂಬ ಕಾರಣಕ್ಕೆ ಸುಮಾರು 1,20,000 ಜನರನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತು. ಆ ಸಂಸಾರದ ಹತ್ತು ವರ್ಷದ ಹುಡುಗ ಸ್ಕೌಟ್ ಸಮವಸ್ತ್ರ ತೊಟ್ಟು, ಬೇಸ್‌ಬಾಲ್ ಆಡುವ ದಾಂಡನ್ನು ಹಿಡಿದಿದ್ದ. ಕಾವಲು ಸೈನಿಕ ಅದು ಆಯುಧವೆಂದು ಕಿತ್ತುಕೊಂಡ. ಆ ಹುಡುಗನೇ ನಾರ್ಮನ್ ಮಿನೆಟ. 1971ರಲ್ಲಿ ಸ್ಯಾನ್ ಹೋಸೆಯ ಮೇಯರ್, ಆಮೇಲೆ ಇಪ್ಪತ್ತು ವರ್ಷ ಸಂಸತ್ತಿನ ಸದಸ್ಯ, 2001ರಲ್ಲಿ ಡೇವಿಸ್ ಹಿಂದೆ ಕೆಲಸ ಮಾಡಿದ್ದ ಅದೇ ಸಾರಿಗೆ ಇಲಾಖೆಯ ಮುಖ್ಯ ಕಾರ್ಯದರ್ಶಿ.

ಆ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶದಲ್ಲಿದ್ದ ಸುಮಾರು 4,500 ವಿಮಾನಗಳನ್ನು ನೆಲಕ್ಕಿಳಿಸಿದಾಗ ಸಾರಿಗೆ ಇಲಾಖೆಯ ಹೊಣೆ ಹೊತ್ತಿದ್ದವರು ಮಿನೆಟ. ಮುಂದಿನ ದಿನಗಳು ಹೇಗಿದ್ದುವೆಂಬುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಗಡ್ಡ, ಪೇಟ, ಕಂದು ಬಣ್ಣ, ಉಚ್ಚರಿಸಲಾಗದ ಹೆಸರು, ಇವೇ ಅಪರಾಧವಾದಂತಿದ್ದ ಕಾಲ. ಕೆಲವು ಮಹಿಳೆಯರು ಹಣೆಯ ಕುಂಕುಮ ತೆಗೆದು ಹೊರಗೆ ಹೋಗುತ್ತಿದ್ದರು. ಅರಬ್ಬರನ್ನೂ ಏಷ್ಯದವರನ್ನೂ ಪ್ರತ್ಯೇಕವಾಗಿ ಶೋಧಿಸಿರಿ ಎಂಬ ಕೂಗು ಎಲ್ಲೆಡೆ ಎದ್ದಿತು. ಸೆಪ್ಟೆಂಬರ್ 21ರಂದು ಮಿನೆಟ ಅವರ ಇಲಾಖೆ ವಿಮಾನ ಕಂಪೆನಿಗಳಿಗೆ ಪತ್ರ ಬರೆದು, ಜನಾಂಗ, ಬಣ್ಣ, ಧರ್ಮ ನೋಡಿ ಪ್ರಯಾಣಿಕರನ್ನು ಪ್ರತ್ಯೇಕಿಸುವುದು ಕಾನೂನಿಗೆ ವಿರೋಧ ಎಂದು ಎಚ್ಚರಿಸಿತು. ಅದೇ ನವೆಂಬರ್ 19ರ ಕಾನೂನಿನಿಂದ ಈಗ ನಾವು ದಿನನಿತ್ಯ ನೋಡುವ ಸಾರಿಗೆ ಭದ್ರತಾ ಆಡಳಿತ ಹುಟ್ಟಿತು. ಸ್ಯಾನ್ ಹೋಸೆಯ ವಿಮಾನ ನಿಲ್ದಾಣಕ್ಕೆ ಮಿನೆಟ ಅವರ ಹೆಸರಿಟ್ಟದ್ದೂ ಆ ವರ್ಷವೇ. 2022ರ ಮೇ 3ರಂದು ಅವರು ತೀರಿಕೊಂಡರು.

ಕಾಗದದ ಮೇಲಿನ ನಿಯಮ ಪ್ರತಿ ಬಾಗಿಲಲ್ಲೂ ಪಾಲನೆಯಾಯಿತೆಂದು ನಾನು ಹೇಳುತ್ತಿಲ್ಲ. 'ಯಾದೃಚ್ಛಿಕ' ಎಂದು ಹೇಳಿ ಒಂದೇ ಪ್ರಯಾಣದಲ್ಲಿ ಮೂರು ಸಲ ಪಕ್ಕಕ್ಕೆ ಕರೆಸಿಕೊಂಡ ಮಿತ್ರರು ನಮ್ಮ ಕೂಟದಲ್ಲೇ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಆದರೆ ನಿಯಮ ಒಂದು ಇದ್ದುದರಿಂದ, ಇದು ಸರಿಯಲ್ಲ ಎಂದು ಹೇಳಲು ನಮಗೆ ಕಾಲೂರುವ ಜಾಗವಿತ್ತು. 1942ರಲ್ಲಿ ಆ ಹತ್ತು ವರ್ಷದ ಹುಡುಗನಿಗೆ ಅದಿರಲಿಲ್ಲ.

ಡೇವಿಸ್ ಅವರಿಗೆ ಕೊನೆಯ ಗೌರವ ತಡವಾಗಿ ಬಂತು. ನಿವೃತ್ತರಾಗಿ ಇಪ್ಪತ್ತೆಂಟು ವರ್ಷಗಳಾದ ಮೇಲೆ, 1998ರ ಡಿಸೆಂಬರ್ 9ರಂದು, ಅಧ್ಯಕ್ಷ ಕ್ಲಿಂಟನ್ ಅವರ ಹೆಗಲಿಗೆ ನಾಲ್ಕನೆಯ ನಕ್ಷತ್ರ ತೊಡಿಸಿದರು. ಇದನ್ನು ಓದುವಾಗ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ನೆನಪಾಯಿತು. 1965ರ ಸೆಪ್ಟೆಂಬರ್ 7ರಂದು ಸರ್ಗೋಧದ ದಾಳಿಗೆ ಹೋಗಿ, ಹಳೆಯ ಮಿಸ್ಟೇರ್ ವಿಮಾನದಲ್ಲಿ ಅತಿ ವೇಗದ ಸ್ಟಾರ್‌ಫೈಟರನ್ನು ಉರುಳಿಸಿ ಮಡಿದ ಆ ವೀರನಿಗೆ ಮಹಾವೀರ ಚಕ್ರ ಬಂದದ್ದು 23 ವರ್ಷಗಳ ನಂತರ, 1988ರಲ್ಲಿ. ತಡವಾದರೂ ದಾಖಲೆ ಸರಿಯಾಗುವುದು ಒಳ್ಳೆಯದೇ. ಡೇವಿಸ್ 2002ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಕಣ್ಮುಚ್ಚಿದರು. 1991ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಇಟ್ಟ ಶೀರ್ಷಿಕೆ ತಮ್ಮ ಹೆಸರು, ಅದರ ಮುಂದೆ 'ಅಮೆರಿಕನ್' ಎಂಬ ಒಂದೇ ಮಾತು. ಬೇರೆ ವಿಶೇಷಣ ಬೇಡವಾಗಿತ್ತು.

ಕಳೆದ ಭಾನುವಾರ ಅಮ್ಮನಿಗೆ ಫೋನು ಮಾಡಿದಾಗ ಈ ಕಥೆಯನ್ನೆಲ್ಲ ಹೇಳಿದೆ. ನಿನ್ನನ್ನು ನೋಡಿದರೆ ಅಪಹರಿಸುವವಳ ಹಾಗೆ ಖಂಡಿತ ಕಾಣಿಸುವುದಿಲ್ಲ, ಆದರೆ ನೋಡಿ ಹೇಳಬಹುದು ಎಂದು ಹೊರಟಾಗಲೆಲ್ಲ ಜನ ತಪ್ಪಿದ್ದಾರೆ, ಅದಕ್ಕೇ ಎಲ್ಲರನ್ನೂ ನೋಡುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನನ್ನ ಹಿಂದೆ ಇದ್ದ ಆ ದೊಡ್ಡ ಸಾಹೇಬನನ್ನೂ ಹೀಗೇ ತಡವಿ ನೋಡಿದರೋ?" ಎಂದು ಕೇಳಿದರು.

"ನೋಡಿದರು," ಎಂದೆ. ಅವನ ನಡುಪಟ್ಟಿ ಕೂಗಿಕೊಂಡದ್ದನ್ನು ನಾನೇ ಕಂಡಿದ್ದೆ.

"ಹಾಗಾದರೆ ಸರಿ," ಎಂದರು ಅಮ್ಮ. ಆಮೇಲೆ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆಯೇ ಎಂದು ವಿಚಾರಿಸಿದರು.